ನಾಯಿಗೆ ಈಜು ಹುಟ್ಟಿನಿಂದಲೇ ಬರುತ್ತದೆಯೇ? ಸಾಕುಪ್ರಾಣಿಯ ಜೊತೆ ದೋಣಿ ಹತ್ತುವ ಮುನ್ನ ತಿಳಿಯಬೇಕಾದ ಸಂಗತಿಗಳು

ಹಿನ್ನೀರಿನ ನಡುವೆ ಸಾಗುವ ದೋಣಿ, ಅದರ ಮುಂತುದಿಯಲ್ಲಿ ಗಾಳಿಗೆ ಕಿವಿ ಹಾರಿಸುತ್ತಾ ಕುಳಿತ ನಾಯಿ, ಹಿಂದೆ ಒಂದು ಸಿನಿಮಾ ಹಾಡು. ಇಂಥ ವಿಡಿಯೊಗಳು ನಿಮ್ಮ ಫೋನಿಗೂ ಬಂದಿರುತ್ತವೆ. ಅವುಗಳ ಜೊತೆಗೇ ಕೆಲವು ಮಾತುಗಳೂ ಹರಿದಾಡುತ್ತವೆ: "ನಾಯಿಗೆ ಈಜು ಯಾರೂ ಕಲಿಸಬೇಕಾಗಿಲ್ಲ", "ನೀರಿಗೆ ಹೆದರುವ ನಾಯಿಗೆ ಹುಚ್ಚು ಹಿಡಿದಿದೆ ಎಂದರ್ಥ", "ನದಿ ನೀರು ಪ್ರಾಣಿಗಳಿಗೆ ಏನೂ ಮಾಡುವುದಿಲ್ಲ", "ಮುಳುಗಿದ ನಾಯಿಯನ್ನು ಹಿಂಗಾಲು ಹಿಡಿದು ತಿರುಗಿಸಿದರೆ ಬದುಕುತ್ತದೆ". ಕೇಳಲು ಸರಿ ಎನ್ನಿಸುವ ಈ ಮಾತುಗಳಲ್ಲಿ ಹೆಚ್ಚಿನವು ತಪ್ಪು ಅಥವಾ ಅರ್ಧ ಸತ್ಯ. ಇವನ್ನು ನಂಬಿದವರು ನಾಯಿಯನ್ನಷ್ಟೇ ಅಲ್ಲ, ಕೆಲವೊಮ್ಮೆ ತಮ್ಮ ಜೀವವನ್ನೂ ಕಳೆದುಕೊಳ್ಳುತ್ತಾರೆ.

ಸಾಕುಪ್ರಾಣಿಯ ಜೊತೆ ದೋಣಿ ವಿಹಾರ ನಮ್ಮಲ್ಲಿ ಇತ್ತೀಚೆಗೆ ಬೆಳೆಯುತ್ತಿರುವ ಹವ್ಯಾಸ. ಬ್ರಿಟನ್‌ನಲ್ಲಿ ಇದು ಹಳೆಯದು. ಅಲ್ಲಿ ಕೈಗಾರಿಕಾ ಕ್ರಾಂತಿಯ ಕಾಲದಲ್ಲಿ ಕಲ್ಲಿದ್ದಲು, ಸರಕು ಸಾಗಿಸಲು ತೋಡಿದ ಕಾಲುವೆಗಳು ಈಗ ವಿಹಾರದ ದಾರಿಗಳಾಗಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 3,200 ಕಿಲೋಮೀಟರ್ ಉದ್ದದ ಕಾಲುವೆ ಮತ್ತು ನದಿಗಳನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ ನೋಡಿಕೊಳ್ಳುತ್ತಿದೆ. ಅಲ್ಲಿನ ನ್ಯಾರೋಬೋಟ್ ಎಂಬ ಉದ್ದನೆಯ ದೋಣಿಯ ಅಗಲ ಸುಮಾರು ಏಳು ಅಡಿ ಮಾತ್ರ. ವೇಗದ ಮಿತಿ ಗಂಟೆಗೆ ನಾಲ್ಕು ಮೈಲಿ, ಅಂದರೆ ಮನುಷ್ಯ ಬಿರುಸಾಗಿ ನಡೆಯುವಷ್ಟು. ಅದರಲ್ಲೇ ಮನೆ ಮಾಡಿಕೊಂಡಿರುವವರೂ ಇದ್ದಾರೆ. ಅವರ ಜೊತೆ ನಾಯಿ, ಬೆಕ್ಕು ಇರುವುದು ಅಲ್ಲಿ ಸಾಮಾನ್ಯ ನೋಟ. ಆದ್ದರಿಂದ ಈ ವಿಷಯದಲ್ಲಿ ಅಲ್ಲಿನ ಅನುಭವದಿಂದ ಕಲಿಯಬೇಕಾದದ್ದು ಸಾಕಷ್ಟಿದೆ.

ನಮ್ಮಲ್ಲೂ ನೀರಿಗೇನೂ ಕೊರತೆಯಿಲ್ಲ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಗುರುತಿಸಿದೆ. ನಮ್ಮ ಕಾಳಿ, ಶರಾವತಿ, ನೇತ್ರಾವತಿ ನದಿಗಳೂ ಆ ಪಟ್ಟಿಯಲ್ಲಿವೆ. ಶರಾವತಿ ಹಿನ್ನೀರಿನ ದೋಣಿ, ಹಂಪಿಯ ತುಂಗಭದ್ರೆಯಲ್ಲಿ ಹರಿಗೋಲು, ಗಡಿಯಾಚೆ ಹೊಗೆನಕಲ್‌ನ ತೆಪ್ಪ, ಕೇರಳದ ಆಲಪ್ಪುಳದ ಹೌಸ್‌ಬೋಟ್ ಎಲ್ಲವೂ ವಾರಾಂತ್ಯದ ಪಟ್ಟಿಯಲ್ಲಿವೆ. ಮನೆಯ ನಾಯಿಯನ್ನು ಬಿಟ್ಟು ಹೋಗಲು ಮನಸ್ಸಿಲ್ಲದವರು ಅದನ್ನೂ ಕರೆದೊಯ್ಯುತ್ತಾರೆ. ಹಾಗೆ ಹೊರಡುವ ಮುನ್ನ ಒಂದೊಂದೇ ನಂಬಿಕೆಯನ್ನು ಪರೀಕ್ಷಿಸಿ ನೋಡೋಣ.

ನಂಬಿಕೆ 1: ಎಲ್ಲ ನಾಯಿಗಳಿಗೂ ಈಜು ಬರುತ್ತದೆ

ನಾಯಿಯನ್ನು ನೀರಿನ ಮೇಲೆ ಎತ್ತಿ ಹಿಡಿದರೂ ಸಾಕು, ಅದು ಗಾಳಿಯಲ್ಲೇ ಕಾಲಾಡಿಸಲು ಶುರುಮಾಡುತ್ತದೆ. ಈ ನಂಬಿಕೆ ಹುಟ್ಟಿರುವುದು ಅಲ್ಲಿಂದಲೇ. ನೆಲದ ಮೇಲೆ ಮೆಲ್ಲಗೆ ಓಡುವಾಗ ಕಾಲು ಹೇಗೆ ಆಡುತ್ತದೋ ನೀರಿನಲ್ಲೂ ಹೆಚ್ಚುಕಡಿಮೆ ಹಾಗೆಯೇ ಆಡುತ್ತದೆ. ಆದರೆ ಕಾಲಾಡಿಸುವುದು ಬೇರೆ, ಈಜುವುದು ಬೇರೆ. ಮೂಗನ್ನು ನೀರಿನ ಮೇಲಿಟ್ಟುಕೊಂಡು, ದಿಕ್ಕು ಹಿಡಿದು, ಸುಸ್ತಾಗುವ ಮೊದಲು ದಡ ಸೇರಿದರೆ ಮಾತ್ರ ಅದು ಈಜು.

ಅದಕ್ಕೆ ದೇಹದ ರಚನೆ ಒಪ್ಪಬೇಕು. ಲ್ಯಾಬ್ರಡಾರ್, ನ್ಯೂಫೌಂಡ್‌ಲ್ಯಾಂಡ್ ತಳಿಗಳನ್ನು ಮೀನುಗಾರರು ನೀರಿನ ಕೆಲಸಕ್ಕೆಂದೇ ಬೆಳೆಸಿದರು. ಅವುಗಳ ಕಾಲ್ಬೆರಳುಗಳ ನಡುವಿನ ಚರ್ಮ, ದಪ್ಪ ಬಾಲ, ನೀರು ಇಳಿಯದ ಕೂದಲು ಎಲ್ಲವೂ ಈಜಿಗೆ ಸಹಾಯ ಮಾಡುತ್ತವೆ. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ಗಳ ಕಥೆ ಇದಕ್ಕೆ ತದ್ವಿರುದ್ಧ. ಅವುಗಳ ಮೂತಿ ಚಪ್ಪಟೆ, ಆದ್ದರಿಂದ ಮೂಗು ನೀರಿನ ಮೇಲೆ ಉಳಿಯಬೇಕಾದರೆ ತಲೆಯನ್ನು ತುಂಬಾ ಮೇಲಕ್ಕೆತ್ತಬೇಕು. ತಲೆ ಎತ್ತಿದಾಗ ಹಿಂಭಾಗ ಮುಳುಗುತ್ತದೆ. ಭಾರವಾದ ಎದೆ ಮತ್ತು ತಲೆ, ಗಿಡ್ಡ ಕಾಲು, ಮೊದಲೇ ಇಕ್ಕಟ್ಟಾದ ಉಸಿರಿನ ದಾರಿ ಸೇರಿದರೆ ಈಜುಕೊಳದಲ್ಲೂ ಅವು ಕೆಲವೇ ನಿಮಿಷಗಳಲ್ಲಿ ಮುಳುಗಬಹುದು. ಗಿಡ್ಡ ಕಾಲಿನ ಡ್ಯಾಶ್‌ಹಂಡ್‌ಗೂ ಈಜು ಕಷ್ಟ. ವಯಸ್ಸಾದ, ದಪ್ಪಗಾದ, ಕೀಲುನೋವಿರುವ ನಾಯಿ ಯಾವ ತಳಿಯದಾದರೂ ಬೇಗ ದಣಿಯುತ್ತದೆ.

ಚೆನ್ನಾಗಿ ಈಜುವ ನಾಯಿಯೂ ಸಾಯುವುದುಂಟು. ಬ್ರಿಟನ್‌ನ ಕಾಲುವೆಗಳ ಅಂಚು ಅನೇಕ ಕಡೆ ಗೋಡೆಯಂತೆ ನೇರವಾಗಿದೆ. ನಾಯಿ ದಡದವರೆಗೆ ಈಜಿ ಬರುತ್ತದೆ, ಆದರೆ ಮೇಲೆ ಹತ್ತಲಾಗದೆ ಅಲ್ಲೇ ಕೆರೆದು ಕೆರೆದು ಸೋಲುತ್ತದೆ. ನಮ್ಮ ಕಾಂಕ್ರೀಟ್ ನಾಲೆಗಳಲ್ಲಿ, ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಗಳಲ್ಲಿ ಇರುವುದೂ ಇದೇ ಅಪಾಯ. ಜಾರುವ ಹಾಳೆಯ ಮೇಲೆ ನಾಯಿಗೂ ಕಾಲು ನಿಲ್ಲುವುದಿಲ್ಲ, ಮಕ್ಕಳಿಗೂ ನಿಲ್ಲುವುದಿಲ್ಲ. ಹೊಂಡದ ಸುತ್ತ ಬೇಲಿ ಹಾಕಿಸಿ. ಅಂಚಿನಿಂದ ಒಳಕ್ಕೆ ಗಂಟು ಹಾಕಿದ ದಪ್ಪ ಹಗ್ಗವನ್ನೋ ಹಳೆಯ ಟೈರುಗಳ ಸಾಲನ್ನೋ ಇಳಿಬಿಟ್ಟರೆ ಜಾರಿ ಬಿದ್ದವರಿಗೆ ಒಂದು ಹಿಡಿತ ಸಿಗುತ್ತದೆ.

ಲೈಫ್ ಜಾಕೆಟ್: ಬೆನ್ನಿನ ಮೇಲಿನ ಹಿಡಿಕೆಯೇ ಮುಖ್ಯ

ನಾಯಿಗೆ ಲೈಫ್ ಜಾಕೆಟ್ ಎಂದರೆ ಕೆಲವರು ನಗುತ್ತಾರೆ. ಫೋಟೊಗೆಂದು ಹಾಕಿಸುವವರೂ ಇದ್ದಾರೆ. ಜಾಕೆಟ್‌ನ ಕೆಲಸ ಎರಡು. ಒಂದು, ನಾಯಿ ದಣಿದಾಗಲೂ ಅದನ್ನು ತೇಲಿಸುವುದು. ಎರಡನೆಯದು, ಬೆನ್ನಿನ ಮೇಲಿರುವ ಗಟ್ಟಿ ಹಿಡಿಕೆ. ನೀರಿಗೆ ಬಿದ್ದ, ಮೈಯೆಲ್ಲ ಒದ್ದೆಯಾದ ಮೂವತ್ತು ಕೆಜಿಯ ನಾಯಿಯನ್ನು ದೋಣಿಯಿಂದ ಬಾಗಿ ಬರಿಗೈಯಲ್ಲಿ ಎತ್ತುವುದು ಬಹಳ ಕಷ್ಟ. ಕೊರಳಪಟ್ಟಿ ಹಿಡಿದು ಎಳೆದರೆ ಕುತ್ತಿಗೆ ಬಿಗಿಯುತ್ತದೆ. ಹಿಡಿಕೆಯಿದ್ದರೆ ದೋಣಿಯ ಕೊಕ್ಕೆಗೋಲಿನಿಂದಲೂ ಎಳೆದುಕೊಳ್ಳಬಹುದು.

ಜಾಕೆಟ್ ಅಳತೆಗೆ ಸರಿಯಾಗಿರಬೇಕು. ಹಿಡಿಕೆ ಹಿಡಿದು ನಾಯಿಯನ್ನು ನೆಲದಿಂದ ಸ್ವಲ್ಪ ಎತ್ತಿ ನೋಡಿ. ಅದು ಜಾಕೆಟ್‌ನಿಂದ ಜಾರುತ್ತಿದ್ದರೆ ಅಳತೆ ದೊಡ್ಡದಾಯಿತು ಎಂದರ್ಥ. ಮೊದಲು ಮನೆಯಲ್ಲೇ ಹಾಕಿ ರೂಢಿ ಮಾಡಿಸಿ, ಆಮೇಲೆ ದಡದ ಬಳಿಯ ಕಡಿಮೆ ನೀರಿನಲ್ಲಿ. ಎಂದೂ ಜಾಕೆಟ್ ಹಾಕದ ನಾಯಿಗೆ ದೋಣಿಯಲ್ಲೇ ಮೊದಲ ಸಲ ಹಾಕಿದರೆ ಅದು ಗಾಬರಿಯಿಂದ ಒದ್ದಾಡುತ್ತದೆ.

ಇನ್ನೊಂದು ತಪ್ಪು ಬಹಳ ಸಾಮಾನ್ಯ. "ಬೀಳದಿರಲಿ" ಎಂದು ಸರಪಳಿಯನ್ನು ದೋಣಿಯ ಕಂಬಿಗೆ ಕಟ್ಟುವುದು. ಹಾಗೆ ಕಟ್ಟಿದ ನಾಯಿ ಅಂಚಿನಿಂದ ಜಿಗಿದರೆ ನೇತಾಡುತ್ತದೆ, ದೋಣಿ ಮಗುಚಿದರೆ ಅದರೊಂದಿಗೇ ಮುಳುಗುತ್ತದೆ. ದೋಣಿಯಲ್ಲಿ ಸರಪಳಿ ಯಾವಾಗಲೂ ಮನುಷ್ಯರ ಕೈಯಲ್ಲೇ ಇರಬೇಕು, ಬೇಕೆಂದಾಗ ಬಿಡುವ ಹಾಗಿರಬೇಕು. ಅದನ್ನು ಕೈಗೆ ಸುತ್ತಿಕೊಳ್ಳುವುದೂ ಬೇಡ. ಕೊರಳಪಟ್ಟಿಗಿಂತ ಎದೆಯ ಸುತ್ತ ಬರುವ ಹಾರ್ನೆಸ್ ಒಳ್ಳೆಯದು.

ದೋಣಿ ಮಗುಚುವುದು ನಾಯಿಯಿಂದಲ್ಲ, ಎದ್ದು ನಿಲ್ಲುವವರಿಂದ

ಹರಿಗೋಲನ್ನು ನೋಡಿ. ಬಿದಿರಿನ ದುಂಡನೆಯ ಬುಟ್ಟಿ, ಹೊರಗೆ ನೀರು ಇಳಿಯದ ಹೊದಿಕೆ. ಹಿಂದೆ ಈ ಹೊದಿಕೆ ಚರ್ಮದ್ದಾಗಿರುತ್ತಿತ್ತು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಟಾರು ಬಂದಿವೆ. ಎಲ್ಲರೂ ತಳದಲ್ಲಿ ಸುತ್ತಲೂ ಸಮವಾಗಿ ಕುಳಿತಾಗ ಅದು ಸ್ಥಿರವಾಗಿರುತ್ತದೆ. ಭಾರ ಒಂದೇ ಕಡೆಗೆ ಸರಿದರೆ ಅಥವಾ ಯಾರಾದರೂ ಎದ್ದು ನಿಂತರೆ ವಾಲುತ್ತದೆ. ಎಲ್ಲ ಚಿಕ್ಕ ದೋಣಿಗಳಿಗೂ ಇದೇ ಲೆಕ್ಕ.

ನೀರುಕಾಗೆ ಕಂಡ ನಾಯಿ ತಟ್ಟನೆ ಒಂದು ಅಂಚಿಗೆ ಓಡುತ್ತದೆ. ಅದರ ಭಾರದಿಂದಲೇ ದೋಣಿ ಮಗುಚುವುದು ಅಪರೂಪ. ಅದನ್ನು ಹಿಡಿಯಲು ಮೂರ್ನಾಲ್ಕು ಜನ ಅದೇ ಅಂಚಿಗೆ ನುಗ್ಗಿದಾಗ ಮಗುಚುತ್ತದೆ. ಆದ್ದರಿಂದ ಹೊರಡುವ ಮುನ್ನವೇ ಮಾತಾಡಿಕೊಳ್ಳಿ: ನಾಯಿಯ ಹೊಣೆ ಒಬ್ಬರದ್ದೇ, ಉಳಿದವರು ಕುಳಿತಲ್ಲೇ ಕುಳಿತಿರಬೇಕು. ದೊಡ್ಡ ನಾಯಿಯನ್ನು ಒಬ್ಬ ಪ್ರಯಾಣಿಕನಂತೆಯೇ ಎಣಿಸಿ ದೋಣಿಯ ಮಿತಿಯನ್ನು ಲೆಕ್ಕ ಹಾಕಿ. ಕೇರಳದ ತಾನೂರಿನಲ್ಲಿ 2023ರ ಮೇ ತಿಂಗಳಲ್ಲಿ ವಿಹಾರದ ದೋಣಿ ಮಗುಚಿ 22 ಜನ ಸತ್ತರು. ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಿಕೊಂಡ ದೋಣಿ ಅದು. ಅಂಬಿಗ ಲೈಫ್ ಜಾಕೆಟ್ ಕೊಡದಿದ್ದರೆ, ಜನ ತುಂಬಿ ತುಳುಕುತ್ತಿದ್ದರೆ, ನಾಯಿ ಇರಲಿ ಇಲ್ಲದಿರಲಿ, ಆ ದೋಣಿಯನ್ನು ಹತ್ತಬೇಡಿ.

ನಾಯಿ ಬಿದ್ದರೆ ನೀವು ಹಾರಬೇಡಿ

ಈ ಬರಹದಲ್ಲಿ ನೆನಪಿಡಲೇಬೇಕಾದ ಒಂದು ಮಾತಿದ್ದರೆ ಅದು ಇದೇ. ನಾಯಿಯನ್ನು ಉಳಿಸಲು ನೀರಿಗೆ ಹಾರಿದವರು ಮುಳುಗಿ, ನಾಯಿ ತಾನಾಗಿ ದಡ ಸೇರಿದ ಘಟನೆಗಳು ಹಲವು ದೇಶಗಳಲ್ಲಿ ನಡೆದಿವೆ. ಬ್ರಿಟನ್‌ನ ಜಲರಕ್ಷಣಾ ಸಂಸ್ಥೆಗಳು ನಾಯಿ ಸಾಕಿದವರಿಗೆ ಪದೇ ಪದೇ ಹೇಳುವ ಎಚ್ಚರಿಕೆಯೂ ಇದೇ.

ಕಾರಣ ಸರಳ. ಬಟ್ಟೆ, ಚಪ್ಪಲಿ ತೊಟ್ಟ ಮನುಷ್ಯನಿಗೆ ತಣ್ಣನೆಯ ನೀರಿಗೆ ಬಿದ್ದ ಕೂಡಲೇ ಉಸಿರು ಏದುಸಿರಾಗುತ್ತದೆ. ಆ ಗಾಬರಿಯಲ್ಲಿ ಒಂದೆರಡು ಗುಟುಕು ನೀರು ಒಳಗೆ ಹೋದರೆ ಸಾಕು. ಜೊತೆಗೆ ಹೆದರಿದ ನಾಯಿ ತನ್ನನ್ನು ಉಳಿಸಲು ಬಂದವರ ಹೆಗಲ ಮೇಲೆಯೇ ಹತ್ತಲು ನೋಡುತ್ತದೆ, ಉಗುರಿನಿಂದ ಪರಚುತ್ತದೆ, ಮುಳುಗಿಸುತ್ತದೆ. ಹಿನ್ನೀರಿನ ತಳದಲ್ಲಿ ಮುಳುಗಿದ ಮರದ ಬೊಡ್ಡೆಗಳು, ಕೆಸರು, ಬಲೆಗಳು ಇರುತ್ತವೆ.

ಹಾಗಾದರೆ ಏನು ಮಾಡಬೇಕು? ಮೊದಲು ಎಂಜಿನ್ ನಿಲ್ಲಿಸಲು ಹೇಳಿ. ನೀರಿನಲ್ಲಿರುವ ಪ್ರಾಣಿಗೂ ಮನುಷ್ಯರಿಗೂ ತಿರುಗುವ ಪ್ರೊಪೆಲ್ಲರ್ ಬಲು ದೊಡ್ಡ ಅಪಾಯ. ಒಬ್ಬರು ನಾಯಿಯ ಮೇಲಿಂದ ಕಣ್ಣು ತೆಗೆಯದೆ ಕೈ ತೋರಿಸುತ್ತಿರಲಿ. ಹುಟ್ಟು ಹಾಕಿ ಮೆಲ್ಲಗೆ ಹತ್ತಿರ ಹೋಗಿ, ಅದರ ಹೆಸರು ಹಿಡಿದು ಸಮಾಧಾನದ ದನಿಯಲ್ಲಿ ಕರೆಯಿರಿ. ಬಹಳಷ್ಟು ನಾಯಿಗಳು ದನಿ ಕೇಳಿದ ಕಡೆಗೆ ತಿರುಗುತ್ತವೆ. ಹತ್ತಿರ ಬಂದಾಗ ಒಬ್ಬರು ಮಾತ್ರ, ಕುಳಿತೇ, ಹಿಡಿಕೆಯನ್ನೋ ಹಾರ್ನೆಸನ್ನೋ ಹಿಡಿದು ಒಳಕ್ಕೆ ಎಳೆದುಕೊಳ್ಳಿ. ದಡ ಹತ್ತಿರವಿದ್ದರೆ ಇಳಿಜಾರಾದ ಜಾಗಕ್ಕೆ ಹೋಗಿ ಅಲ್ಲಿಂದ ಕರೆಯಿರಿ.

ನಂಬಿಕೆ 2: ಹಿಂಗಾಲು ಹಿಡಿದು ತಿರುಗಿಸಿದರೆ ನೀರು ಹೊರಬಂದು ಬದುಕುತ್ತದೆ

ಹೊಟ್ಟೆಯೊಳಗಿನ ನೀರು ಹೊರಬರುವುದಕ್ಕೂ ಶ್ವಾಸಕೋಶಕ್ಕೆ ಗಾಳಿ ಹೋಗುವುದಕ್ಕೂ ಸಂಬಂಧವಿಲ್ಲ. ಮುಳುಗಿದ ಪ್ರಾಣಿ ಸಾಯುವುದು ಆಮ್ಲಜನಕ ಸಿಗದೆ. ತಿರುಗಿಸುತ್ತಾ ಕಳೆಯುವ ಪ್ರತಿ ಸೆಕೆಂಡೂ ಮಿದುಳಿಗೆ ನಷ್ಟ. ತಲೆಯನ್ನು ಸ್ವಲ್ಪ ತಗ್ಗಿಸಿ ಬಾಯಿಯಲ್ಲಿರುವ ನೀರು, ಕೆಸರು ತೆಗೆಯುವುದು ಸರಿ. ಅದು ಕೆಲವೇ ಸೆಕೆಂಡುಗಳ ಕೆಲಸ.

ಉಸಿರಾಟ ಇಲ್ಲದಿದ್ದರೆ, ಕರೆದರೆ ಓಗೊಡದಿದ್ದರೆ, ನಾಯಿಯನ್ನು ಮಗ್ಗುಲಾಗಿ ಮಲಗಿಸಿ. ಎದೆಯ ಅತಿ ಅಗಲವಾದ ಭಾಗದ ಮೇಲೆ ಎರಡೂ ಕೈ ಇಟ್ಟು, ಎದೆಯ ದಪ್ಪದ ಮೂರನೇ ಒಂದರಿಂದ ಅರ್ಧದಷ್ಟು ಕುಸಿಯುವ ಹಾಗೆ ಒತ್ತಿ. ನಿಮಿಷಕ್ಕೆ 100ರಿಂದ 120 ಸಲದ ವೇಗ ಇರಲಿ. 30 ಸಲ ಒತ್ತಿದ ಮೇಲೆ ಬಾಯಿಯನ್ನು ಕೈಯಿಂದ ಮುಚ್ಚಿ ಹಿಡಿದು, ಮೂಗಿನ ಮೂಲಕ ಎರಡು ಸಲ ಉಸಿರು ಊದಿ. ಎದೆ ಉಬ್ಬುವುದು ಕಾಣಬೇಕು. ಬೆಕ್ಕು ಮತ್ತು ಚಿಕ್ಕ ನಾಯಿಗಳಿಗೆ ಒಂದೇ ಕೈಯಿಂದ ಎದೆಯನ್ನು ಸುತ್ತಿ ಹಿಡಿದು ಒತ್ತಬಹುದು. ಆಸ್ಪತ್ರೆಯ ದಾರಿಯಲ್ಲೂ ಇದನ್ನು ನಿಲ್ಲಿಸಬೇಡಿ.

ಚೇತರಿಸಿಕೊಂಡು ಬಾಲ ಅಲ್ಲಾಡಿಸಿದ ನಾಯಿಯನ್ನೂ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಕೆಲವು ಗಂಟೆಗಳ ನಂತರ ಉಸಿರಾಟ ಕೆಡಬಹುದು.

ನಂಬಿಕೆ 3: ನೀರಿಗೆ ಹೆದರುವ ನಾಯಿಗೆ ಹುಚ್ಚು ಹಿಡಿದಿದೆ

ಇದು ಹಳ್ಳಿ, ನಗರ ಎನ್ನದೆ ಎಲ್ಲೆಡೆ ಇರುವ ನಂಬಿಕೆ. ರೇಬೀಸ್ ತಗುಲಿದ ಮನುಷ್ಯರಲ್ಲಿ ನೀರಿನ ಭಯ ಕಾಣಿಸುತ್ತದೆ. ನೀರು ಕುಡಿಯಲು ಹೋದಾಗ ಗಂಟಲಿನ ಸ್ನಾಯುಗಳು ಹಿಂಡಿದಂತಾಗಿ ಅಸಹ್ಯ ನೋವಾಗುವುದೇ ಅದಕ್ಕೆ ಕಾರಣ. ನಾಯಿಗಳಲ್ಲಿ ಈ ಭಯ ರೇಬೀಸ್‌ನ ಲಕ್ಷಣವಲ್ಲ. ರೇಬೀಸ್ ಇರುವ ನಾಯಿ ನೀರಿಗೆ ಇಳಿಯಬಹುದು, ಈಜಲೂಬಹುದು. ಗಂಟಲು ಸೋತು ನುಂಗಲಾಗದೆ ಜೊಲ್ಲು ಸುರಿಸುವುದು, ಸ್ವಭಾವ ತಟ್ಟನೆ ಬದಲಾಗುವುದು, ಕಾರಣವಿಲ್ಲದೆ ಕಚ್ಚುವುದು, ಹಿಂಗಾಲು ಸೋಲುವುದು ಅದರಲ್ಲಿ ಕಾಣುವ ಲಕ್ಷಣಗಳು.

ಹಾಗಾಗಿ ಇಲ್ಲಿ ಎರಡು ತಪ್ಪುಗಳಿವೆ. ದೋಣಿ ಹತ್ತಲು ಹಿಂಜರಿಯುವ ಆರೋಗ್ಯವಂತ ನಾಯಿಯನ್ನು ಹುಚ್ಚುನಾಯಿ ಎನ್ನುವುದು ಒಂದು. "ನೀರು ಕುಡಿಯುತ್ತಿದೆ, ಆದ್ದರಿಂದ ಕಚ್ಚಿದರೂ ಪರವಾಗಿಲ್ಲ" ಎಂದು ಸುಮ್ಮನಿರುವುದು ಇನ್ನೊಂದು. ಎರಡನೆಯದು ಜೀವ ತೆಗೆಯುತ್ತದೆ. ಯಾವ ನಾಯಿ ಕಚ್ಚಿದರೂ, ರಕ್ತ ಬರುವಂತೆ ಪರಚಿದರೂ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ವೈದ್ಯರ ಬಳಿ ಹೋಗಿ ಲಸಿಕೆಯ ಬಗ್ಗೆ ಕೇಳಿ. ನಿಮ್ಮ ನಾಯಿಗೆ ರೇಬೀಸ್ ಲಸಿಕೆ ಕಾಲಕಾಲಕ್ಕೆ ಆಗಿರಲೇಬೇಕು.

ನೀರು ಬೇಡ ಎನ್ನುವ ನಾಯಿಯನ್ನು "ಹೆದರಿಕೆ ಹೋಗಲಿ" ಎಂದು ನೀರಿಗೆ ಎಸೆಯುವುದೂ ತಪ್ಪು. ಅದರಿಂದ ಭಯ ಇನ್ನಷ್ಟು ಗಟ್ಟಿಯಾಗುತ್ತದೆ. ಅಂಥ ನಾಯಿ ಮನೆಯಲ್ಲೇ ಹೆಚ್ಚು ಸುಖವಾಗಿರುತ್ತದೆ.

ನಂಬಿಕೆ 4: ನದಿ, ಕೆರೆಯ ನೀರು ಪ್ರಾಣಿಗಳಿಗೆ ಏನೂ ಮಾಡುವುದಿಲ್ಲ

ನೀರಿನಲ್ಲಿ ಕಣ್ಣಿಗೆ ಕಾಣದ ಅಪಾಯಗಳು ಮುಖ್ಯವಾಗಿ ಮೂರು.

ಮೊದಲನೆಯದು ನೀಲಿ-ಹಸಿರು ಪಾಚಿ. ಹೆಸರು ಪಾಚಿ ಎಂದಿದ್ದರೂ ಇದು ಸೈನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿ. ಹೊಲದ ಗೊಬ್ಬರ, ಊರಿನ ಕೊಳಚೆ ಸೇರಿ ಪೋಷಕಾಂಶ ಹೆಚ್ಚಾದ ನಿಂತ ನೀರಿನಲ್ಲಿ, ಬೇಸಿಗೆಯ ಬಿಸಿಗೆ ಇದು ಒಮ್ಮೆಲೇ ಬೆಳೆಯುತ್ತದೆ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಅಥವಾ ಅವರೆಸೊಪ್ಪಿನ ರಸದ ಹಾಗೆ ಕಾಣುತ್ತದೆ, ಕೆಟ್ಟ ವಾಸನೆಯೂ ಇರಬಹುದು. ಇದರ ಕೆಲವು ಬಗೆಗಳು ಯಕೃತ್ತನ್ನು ಕೆಡಿಸುವ ಮೈಕ್ರೊಸಿಸ್ಟಿನ್, ನರಗಳನ್ನು ಹಿಡಿಯುವ ಅನಾಟಾಕ್ಸಿನ್ ಎಂಬ ವಿಷಗಳನ್ನು ಉತ್ಪಾದಿಸುತ್ತವೆ. ನಾಯಿ ಈ ನೀರು ಕುಡಿದರೆ ಅಥವಾ ಈಜಿ ಬಂದು ಮೈ ನೆಕ್ಕಿಕೊಂಡರೆ ವಾಂತಿ, ನಡುಕ, ಸೆಳೆತ ಕಾಣಿಸಬಹುದು. ಕೆಲವೊಮ್ಮೆ ಗಂಟೆಗಳೊಳಗೆ ಸಾವೂ ಬರುತ್ತದೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ. 2020ರಲ್ಲಿ ಬೋಟ್ಸ್‌ವಾನಾದಲ್ಲಿ ಮುನ್ನೂರಕ್ಕೂ ಹೆಚ್ಚು ಆನೆಗಳು ಸತ್ತಾಗ ಅಲ್ಲಿನ ಸರ್ಕಾರ ಹೇಳಿದ ಕಾರಣ ನೀರಿನಲ್ಲಿದ್ದ ಈ ಸೂಕ್ಷ್ಮಜೀವಿಯ ವಿಷ. 2023ರಲ್ಲಿ ಉತ್ತರ ಐರ್ಲೆಂಡ್‌ನ ದೊಡ್ಡ ಸರೋವರ ಲಾಕ್ ನೇ ಇಡೀ ಹಸಿರಾಗಿ ದೊಡ್ಡ ಸುದ್ದಿಯಾಗಿತ್ತು. ಆನೆಯಂಥ ಆನೆಗೇ ಆಗದ ನೀರು ನಾಯಿಗೆ ಆಗುತ್ತದೆಯೇ? ಎಲ್ಲ ಹಸಿರು ನೀರೂ ವಿಷವಲ್ಲ ಎಂಬುದು ನಿಜ, ಆದರೆ ಕಣ್ಣಿನಿಂದ ನೋಡಿ ಯಾವುದು ವಿಷ ಎಂದು ಹೇಳಲಾಗದು. ನೀರು ಹಸಿರಾಗಿದ್ದರೆ ನಾಯಿಯನ್ನು ಇಳಿಸಬೇಡಿ. ಇಳಿದುಬಿಟ್ಟರೆ, ಅದು ಮೈ ನೆಕ್ಕುವ ಮೊದಲೇ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಎರಡನೆಯದು ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿ, ದನ, ನಾಯಿಗಳ ಮೂತ್ರದಿಂದ ನೀರು ಮತ್ತು ಕೆಸರಿಗೆ ಸೇರುವ ಬ್ಯಾಕ್ಟೀರಿಯಾ ಇದನ್ನು ತರುತ್ತದೆ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನವರಿಗೆ ಇದು ಗೊತ್ತಿರುವ ಕಾಯಿಲೆಯೇ. ಚರ್ಮದ ಸಣ್ಣ ಗಾಯ, ಕಣ್ಣು, ಮೂಗು, ಬಾಯಿಯ ಮೂಲಕ ಒಳಸೇರುತ್ತದೆ. ನಾಯಿಯ ಮೂತ್ರಪಿಂಡ, ಯಕೃತ್ತು ಎರಡನ್ನೂ ಹಾಳು ಮಾಡಬಲ್ಲದು. ಸೋಂಕು ತಗುಲಿದ ನಾಯಿ ತನ್ನ ಮೂತ್ರದ ಮೂಲಕ ಮನೆಯವರಿಗೂ ಅದನ್ನು ದಾಟಿಸಬಹುದು. ನಾಯಿಗಳಿಗೆ ಲಸಿಕೆ ಇದೆ, ಅದನ್ನು ವರ್ಷಕ್ಕೊಮ್ಮೆ ಹಾಕಿಸಬೇಕು. ಲಸಿಕೆ ಈ ಬ್ಯಾಕ್ಟೀರಿಯಾದ ಎಲ್ಲ ಬಗೆಗಳನ್ನೂ ತಡೆಯುವುದಿಲ್ಲ, ಆದರೆ ಅಪಾಯವನ್ನು ಬಹಳ ಕಡಿಮೆ ಮಾಡುತ್ತದೆ. ನೀರಿನ ಪ್ರವಾಸ ಮುಗಿದ ಮೇಲೆ ಒಂದು ತಿಂಗಳೊಳಗೆ ನಿಮಗೆ ಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವುದು ಕಂಡರೆ "ನದಿ ನೀರಿಗೆ ಇಳಿದಿದ್ದೆವು" ಎಂದು ವೈದ್ಯರಿಗೆ ತಪ್ಪದೆ ಹೇಳಿ. ಬೇಗ ಗೊತ್ತಾದರೆ ಆ್ಯಂಟಿಬಯಾಟಿಕ್‌ನಿಂದ ಗುಣವಾಗುವ ಕಾಯಿಲೆ ಇದು.

ಮೂರನೆಯದು ಹೆಚ್ಚಿನವರು ಕೇಳಿಯೇ ಇಲ್ಲದ್ದು: ಶುದ್ಧ ನೀರೇ ವಿಷವಾಗುವುದು. ಚೆಂಡು ಎಸೆದು ಮತ್ತೆ ಮತ್ತೆ ನೀರಿನಿಂದ ತರಿಸಿದರೆ ಪ್ರತಿ ಸಲವೂ ನಾಯಿ ಬಾಯಿ ತೆರೆದೇ ಈಜುತ್ತದೆ, ಪ್ರತಿ ಸಲವೂ ನೀರು ನುಂಗುತ್ತದೆ. ಅತಿಯಾಗಿ ನೀರು ಹೋದರೆ ರಕ್ತದಲ್ಲಿ ಸೋಡಿಯಂ ಪ್ರಮಾಣ ಕುಸಿದು ಮಿದುಳು ಊದಿಕೊಳ್ಳುತ್ತದೆ. ಹೊಟ್ಟೆ ಉಬ್ಬರ, ವಾಂತಿ, ತೂರಾಟ, ಮಂಕು ಕಣ್ಣು, ಬಿಳಿಚಿದ ಒಸಡು ಇದರ ಸೂಚನೆ. ಕೆಲವೇ ಗಂಟೆಗಳಲ್ಲಿ ಸಾಯುವಷ್ಟು ವೇಗದ ತೊಂದರೆ ಇದು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಆಟ ನಿಲ್ಲಿಸಿ, ಮೂತ್ರ ಮಾಡಲು ಬಿಟ್ಟು ವಿಶ್ರಾಂತಿ ಕೊಡಿ. ದುಂಡು ಚೆಂಡಿಗಿಂತ ಚಪ್ಪಟೆಯಾದ ಆಟಿಕೆ ಒಳ್ಳೆಯದು, ಬಾಯಿ ಅಷ್ಟು ಅಗಲವಾಗಿ ತೆರೆಯಬೇಕಾಗುವುದಿಲ್ಲ. ಕುಡಿಯಲು ಮನೆಯಿಂದಲೇ ನೀರು ಒಯ್ಯಿರಿ.

ನಂಬಿಕೆ 5: ನೀರಿನ ಮೇಲೆ ತಂಪಾಗಿರುತ್ತದೆ, ಬಿಸಿಲು ತಾಗುವುದಿಲ್ಲ

ಗಾಳಿ ಬೀಸುವುದರಿಂದ ನಮಗೆ ಹಾಗೆ ಅನ್ನಿಸುತ್ತದೆ. ನಮ್ಮ ಬೆವರು ಆರಿ ಮೈ ತಣ್ಣಗಾಗುತ್ತದೆ. ನಾಯಿಗೆ ಬೆವರಿನ ಗ್ರಂಥಿಗಳು ಕೆಲಸ ಮಾಡುವುದು ಹೆಚ್ಚಾಗಿ ಪಾದದ ಮೆತ್ತೆಗಳಲ್ಲಿ ಮಾತ್ರ. ಅದು ನಾಲಗೆ ಚಾಚಿ ಏದುಸಿರು ಬಿಟ್ಟೇ ತಂಪಾಗಬೇಕು. ಮೇಲಿನಿಂದ ಬಿಸಿಲು, ಕೆಳಗೆ ಕಾದ ತಗಡು ಅಥವಾ ಫೈಬರ್ ತಳ, ಸುತ್ತ ನೀರಿನಿಂದ ಪುಟಿಯುವ ಬೆಳಕು, ಗಾಳಿಯಲ್ಲಿ ತೇವ. ಇಂಥಲ್ಲಿ ಏದುಸಿರೂ ಸಾಲದು. ನಾಯಿಯ ಸಹಜ ದೇಹದ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಅಂಗಾಂಗಗಳಿಗೆ ಪೆಟ್ಟು ಬೀಳುತ್ತದೆ. ಚಪ್ಪಟೆ ಮೂತಿಯ ತಳಿಗಳಿಗೆ ಇಲ್ಲೂ ಅಪಾಯ ಹೆಚ್ಚು. ಬೆಳಗ್ಗೆ ಬೇಗ ಅಥವಾ ಸಂಜೆ ಹೊರಡಿ, ಛಾವಣಿ ಇರುವ ದೋಣಿಯನ್ನೇ ಆರಿಸಿ, ಕೆಳಗೆ ಒದ್ದೆ ಗೋಣಿಚೀಲ ಹಾಸಿ. ನಾಲಗೆ ಕಡುಗೆಂಪಾಗಿ, ಜೊಲ್ಲು ಗಟ್ಟಿಯಾಗಿ, ನಾಯಿ ತೂರಾಡಿದರೆ ಮೈಯೆಲ್ಲ ನೀರು ಸುರಿದು ಗಾಳಿ ಬೀಸಿ, ಆಮೇಲೆ ವೈದ್ಯರ ಬಳಿ ಹೋಗಿ.

ನೀವು ಹಚ್ಚುವ ಸನ್‌ಸ್ಕ್ರೀನನ್ನು ನಾಯಿಗೆ ಹಚ್ಚಬೇಡಿ. ಅದರಲ್ಲಿರುವ ಸತುವಿನ ಆಕ್ಸೈಡ್, ಸ್ಯಾಲಿಸಿಲೇಟ್‌ನಂಥ ಪದಾರ್ಥಗಳು ನೆಕ್ಕಿದಾಗ ಹೊಟ್ಟೆ ಸೇರಿ ತೊಂದರೆ ಮಾಡುತ್ತವೆ. ದೋಣಿಯ ಓಲಾಟಕ್ಕೆ ವಾಂತಿಯಾದರೂ ಮನುಷ್ಯರ ಮಾತ್ರೆ ಕೊಡಬೇಡಿ. ಮುಖ್ಯವಾಗಿ ಬೆಕ್ಕಿಗೆ ಪ್ಯಾರಸಿಟಮಾಲ್ ಪ್ರಾಣಾಂತಿಕ, ಒಂದು ಮಾತ್ರೆಯೂ ಸಾಕು ಅದರ ಪ್ರಾಣ ತೆಗೆಯಲು.

ಹೌಸ್‌ಬೋಟ್‌ನಲ್ಲಿ ರಾತ್ರಿ: ವಾಸನೆ ಇಲ್ಲದ ಅನಿಲ

ದೋಣಿಯಲ್ಲೇ ಮಲಗುವವರು ಕಾರ್ಬನ್ ಮೊನಾಕ್ಸೈಡ್ ಬಗ್ಗೆ ತಿಳಿದಿರಬೇಕು. ಜನರೇಟರ್, ಎಂಜಿನ್, ಒಲೆ, ಇದ್ದಿಲು ಯಾವುದೇ ಇರಲಿ, ಸರಿಯಾಗಿ ಉರಿಯದಿದ್ದರೆ ಈ ಅನಿಲ ಬರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಇದು ಹಿಡಿದುಬಿಡುತ್ತದೆ. ಬ್ರಿಟನ್‌ನ ಕಲ್ಲಿದ್ದಲು ಗಣಿಗಳಲ್ಲಿ 1986ರವರೆಗೂ ಕ್ಯಾನರಿ ಹಕ್ಕಿಗಳನ್ನು ಒಯ್ಯುತ್ತಿದ್ದುದು ಇದನ್ನು ಪತ್ತೆ ಹಚ್ಚಲು. ಹಕ್ಕಿ ಮನುಷ್ಯರಿಗಿಂತ ಮೊದಲೇ ಕುಸಿಯುತ್ತಿತ್ತು. ಅಲ್ಲಿನ ಒಳನಾಡು ದೋಣಿಗಳ ಸುರಕ್ಷತಾ ನಿಯಮಗಳ ಪ್ರಕಾರ, ಮಲಗುವ ಜಾಗವಿರುವ ದೋಣಿಗಳಲ್ಲಿ 2019ರ ಏಪ್ರಿಲ್‌ನಿಂದ ಈ ಅನಿಲದ ಅಲಾರಂ ಕಡ್ಡಾಯ.

ನಿಮ್ಮ ಗಿಳಿ ಅಥವಾ ನಾಯಿ ಕೋಣೆಯಲ್ಲಿ ಮಂಕಾಗಿ ಬಿದ್ದಿದೆ, ನಿಮಗೂ ತಲೆನೋವು, ವಾಕರಿಕೆ ಇದೆ ಎಂದಾದರೆ ಅದನ್ನು ಓಲಾಟದ ಸುಸ್ತು ಎಂದುಕೊಳ್ಳಬೇಡಿ. ಎಲ್ಲರೂ ಕೂಡಲೇ ಹೊರಗಿನ ಗಾಳಿಗೆ ಬನ್ನಿ, ಜನರೇಟರ್ ನಿಲ್ಲಿಸಲು ಹೇಳಿ. ಬ್ಯಾಟರಿಯ ಪುಟ್ಟ ಅಲಾರಂ ಒಂದನ್ನು ಚೀಲದಲ್ಲಿ ಇಟ್ಟುಕೊಳ್ಳುವುದು ಜಾಣತನ.

ಎಲ್ಲಿಗೆ ನಾಯಿಯನ್ನು ಒಯ್ಯಲೇಬಾರದು?

ಮೊಸಳೆ ಇರುವ ನೀರಿಗೆ. ದಾಂಡೇಲಿಯ ಬಳಿ ಕಾಳಿ ನದಿ, ರಂಗನತಿಟ್ಟಿನ ಸುತ್ತಲಿನ ಕಾವೇರಿ, ಕಬಿನಿ, ತುಂಗಭದ್ರೆಯ ಕೆಲವು ಭಾಗಗಳಲ್ಲಿ ಮಗ್ಗರ್ ಮೊಸಳೆಗಳಿವೆ. ನೀರಂಚಿಗೆ ಬರುವ ನಾಯಿ ಅವಕ್ಕೆ ಸಹಜ ಬೇಟೆ. ಮೊಸಳೆ ಕಾಣಿಸುತ್ತಿಲ್ಲ ಎಂದರೆ ಇಲ್ಲ ಎಂದರ್ಥವಲ್ಲ. ಅಂಬಿಗರನ್ನು, ಊರಿನ ಮೀನುಗಾರರನ್ನು ಕೇಳಿ. ಅವರು ಬೇಡ ಎಂದರೆ ವಾದ ಮಾಡದೆ ಒಪ್ಪಿಕೊಳ್ಳಿ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೂ ಬೇಡ. ಅಲ್ಲಿ ಸಾಕುನಾಯಿಯನ್ನು ತಡೆಯುವುದು ಅರಣ್ಯ ಸಿಬ್ಬಂದಿಯ ಹಟವಲ್ಲ, ಅದರ ಹಿಂದೆ ವಿಜ್ಞಾನವಿದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಒಂದು ಸಾವಿರ ಸಿಂಹಗಳು ಸತ್ತದ್ದು ಕೆನೈನ್ ಡಿಸ್ಟೆಂಪರ್ ವೈರಸ್‌ನಿಂದ. ಸುತ್ತಲ ಹಳ್ಳಿಗಳ ನಾಯಿಗಳಿಂದ ಅದು ಬಂದಿರಬೇಕೆಂದು ವಿಜ್ಞಾನಿಗಳು ಕಂಡುಕೊಂಡರು. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸಿಂಹಗಳು ಸತ್ತಾಗಲೂ ಇದೇ ವೈರಸ್ ಪತ್ತೆಯಾಯಿತು. ನದಿ ದಡದಲ್ಲಿ ನೀರುನಾಯಿಗಳಿವೆ, ಮರಳ ದಿಬ್ಬಗಳಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿವೆ. ನಾಯಿಗೆ ಐದು ನಿಮಿಷದ ಆಟವಾದದ್ದು ಅವುಗಳಿಗೆ ಆ ವರ್ಷದ ಮರಿಗಳ ನಷ್ಟ.

ನಾಯಿಯಿಂದ ನೀರಿಗೂ ತೊಂದರೆಯಾಗಬಹುದು. ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲೆಂಡ್‌ನ 20 ನದಿಗಳ ಬಹುತೇಕ ಎಲ್ಲ ಮಾದರಿಗಳಲ್ಲೂ ಫಿಪ್ರೊನಿಲ್ ಎಂಬ ಕೀಟನಾಶಕ ಸಿಕ್ಕಿತು. ಚಿಗಟ, ಉಣ್ಣೆ ಹೋಗಲೆಂದು ನಾಯಿ ಬೆಕ್ಕುಗಳ ಕುತ್ತಿಗೆಗೆ ಹಚ್ಚುವ ಔಷಧಿಯಲ್ಲಿ ಇರುವುದು ಇದೇ. ಅತಿ ಕಡಿಮೆ ಪ್ರಮಾಣದಲ್ಲೂ ಇದು ನೀರಿನ ಹುಳುಗಳನ್ನು ಕೊಲ್ಲುತ್ತದೆ. ಆ ಹುಳುಗಳನ್ನೇ ಮೀನು ತಿನ್ನುತ್ತದೆ. ಆದ್ದರಿಂದ ಉಣ್ಣೆಯ ಔಷಧಿ ಹಚ್ಚಿದ ಮೇಲೆ ಕೆಲವು ದಿನ ನಾಯಿಯನ್ನು ಕೆರೆ, ಹೊಳೆಗೆ ಇಳಿಸಬೇಡಿ. ಔಷಧಿಯನ್ನು ನಿಲ್ಲಿಸುವ ಅಗತ್ಯವಿಲ್ಲ, ಎಷ್ಟು ದಿನ ತಡೆಯಬೇಕು ಎಂದು ಪಶುವೈದ್ಯರನ್ನು ಕೇಳಿ. ಮಲವನ್ನು ನೀರಿಗೆ ಎಸೆಯದೆ ಚೀಲದಲ್ಲಿ ಕಟ್ಟಿ ದಡಕ್ಕೆ ತನ್ನಿ.

ದೋಣಿಯಲ್ಲಿ ಬೇರೆ ಪ್ರಯಾಣಿಕರಿದ್ದರೆ ಅವರನ್ನು ಮೊದಲೇ ಕೇಳಬೇಕು. ನಾಯಿ ಎಂದರೆ ಹೆದರುವ ಮಗು ನಡುನೀರಿನಲ್ಲಿ ಎದ್ದು ಓಡಲು ಜಾಗವಿರುವುದಿಲ್ಲ.

ಕಳುಹಿಸುವುದಾದರೆ ಇದನ್ನು ಕಳುಹಿಸಿ

ನಾಯಿಯ ಜೊತೆ ದೋಣಿ ಹತ್ತುವ ಸ್ನೇಹಿತರು ನಿಮ್ಮ ಗುಂಪಿನಲ್ಲಿದ್ದರೆ ಈ ಸಾಲುಗಳನ್ನು ನಕಲು ಮಾಡಿ ಕಳುಹಿಸಬಹುದು:

1. ಎಲ್ಲ ನಾಯಿಗೂ ಈಜು ಬರುವುದಿಲ್ಲ. ಬೆನ್ನ ಮೇಲೆ ಹಿಡಿಕೆಯಿರುವ ಲೈಫ್ ಜಾಕೆಟ್ ಹಾಕಿ.
2. ಸರಪಳಿಯನ್ನು ದೋಣಿಗೆ ಕಟ್ಟಬೇಡಿ.
3. ನಾಯಿ ನೀರಿಗೆ ಬಿದ್ದರೆ ನೀವು ಹಾರಬೇಡಿ. ಎಂಜಿನ್ ನಿಲ್ಲಿಸಿ, ಕುಳಿತೇ ಕರೆಯಿರಿ, ಹಿಡಿಕೆ ಹಿಡಿದು ಎಳೆಯಿರಿ.
4. ಹಸಿರು ನೀರಿಗೆ ಇಳಿಸಬೇಡಿ. ಕುಡಿಯುವ ನೀರು ಮನೆಯಿಂದ ಒಯ್ಯಿರಿ.
5. ರೇಬೀಸ್ ಮತ್ತು ಇಲಿ ಜ್ವರದ ಲಸಿಕೆ ಆಗಿರಲಿ. ನಾಯಿ ನೀರು ಕುಡಿದರೆ ರೇಬೀಸ್ ಇಲ್ಲ ಎಂಬುದು ಸುಳ್ಳು.
6. ಮೊಸಳೆ ಇರುವಲ್ಲಿಗೆ, ಅಭಯಾರಣ್ಯಕ್ಕೆ ನಾಯಿ ಬೇಡ.